ಕಾಯಕದ ಲೆಕ್ಕ

ಮಹಾಮನೆಯ ಬಸವಣ್ಣನವರು ಬಿಜ್ಜಳರಾಯನ ಭಂಡಾರಿಗಳಾಗಿದ್ದರೆಂಬುದು ಶರಣಸಂಕುಲಕ್ಕೆಲ್ಲ ವಿದಿತವಾದ ಸಂಗತಿ. ಆದರೆ ಅನುಭವಮಂಟಪದ ಬಸವಣ್ಣನವರನ್ನು ನಿತ್ಯವೂ ನೆನೆಯುವ ಭಕ್ತರು, ಭಂಡಾರದಲ್ಲಿ ಕುಳಿತು ಅರಸನ ಹೊನ್ನಿಗೆ ಲೆಕ್ಕವಿಡುತ್ತಿದ್ದ ಬಸವಣ್ಣನವರನ್ನು ಅಷ್ಟಾಗಿ ನೆನೆಯುವುದಿಲ್ಲ. ಬೊಕ್ಕಸದ ಹಣವನ್ನೆಲ್ಲ ಈತನು ಜಂಗಮರಿಗೆ ಸುರಿಯುತ್ತಿರುವನೆಂದು ಚಾಡಿಕೋರರು ಬಿಜ್ಜಳನ ಕಿವಿಯಲ್ಲಿ ಊದಿದರೆಂದೂ, ಅರಸನು ಕೋಪಗೊಂಡು ಲೆಕ್ಕ ಕೇಳಿದನೆಂದೂ, ಬಸವಣ್ಣನವರು ಕಿಂಚಿತ್ತೂ ಕಳವಳಗೊಳ್ಳದೆ ಭಂಡಾರವನ್ನು ತೆರೆಯಿಸಿ ಎಣಿಸಿ ತೋರಿಸಿದರೆಂದೂ, ಲೆಕ್ಕದಲ್ಲಿ ಒಂದಿಷ್ಟೂ ಕೊರತೆಯಾಗಿರಲಿಲ್ಲವೆಂದೂ ಪುರಾಣಗಳು ಸಾರುವುವು. ಇದನ್ನು ಪವಾಡವೆಂದು ಓದುವವರು ಪವಾಡವೆಂದೇ ಓದಲಿ. ಅದರೊಳಗೆ ಗೃಹಸ್ಥನಿಗೆ ಬೇಕಾದ ಇನ್ನೊಂದು ಮಾತೂ ಅಡಗಿರುವುದು. ಲೆಕ್ಕ ಕೇಳಿದಾಗ ಮಹಾಶರಣರು ಕೇಳಿದವನ ಮೇಲೆ ಸಿಟ್ಟಾಗಲಿಲ್ಲ, ತಮ್ಮ ಭಕ್ತಿಯನ್ನು ಅಡ್ಡ ಹಿಡಿಯಲಿಲ್ಲ, ಬಾಗಿಲನ್ನು ತೆರೆದರು.

ಹಣದ ಮಾತು ಭಕ್ತಿಗೆ ಹೊರಗಿನದೆಂದು ಭಾವಿಸಿ, ಮಠಕ್ಕೆ ಬಂದಾಗ ಚೀಲದ ಬಾಯಿಯನ್ನು ಬಿಗಿದು, ಮನೆಗೆ ಹೋದಾಗ ಮನಸ್ಸಿನ ಬಾಯಿಯನ್ನು ಬಿಚ್ಚಿಕೊಂಡು ಹಗಲಿರುಳು ಅದನ್ನೇ ಧ್ಯಾನಿಸುವ ಗೃಹಸ್ಥರು ಬಹಳ ಮಂದಿ. ಶರಣರ ಮಾರ್ಗವು ಹಾಗಿರಲಿಲ್ಲ. ಹಗ್ಗ ಹೊಸೆದವನು, ಸೌದೆ ಹೊತ್ತವನು, ಬಟ್ಟೆ ಒಗೆದವನು, ದೋಣಿ ನಡೆಸಿದವನು—ಎಲ್ಲರೂ ತಮ್ಮ ದುಡಿಮೆಗೆ ಬಂದ ಫಲವೆಷ್ಟು, ಅದರಲ್ಲಿ ಒಡಲಿಗೆಷ್ಟು, ದಾಸೋಹಕ್ಕೆಷ್ಟು ಎಂಬುದನ್ನು ಬಲ್ಲವರಾಗಿದ್ದರು. ದುಡಿಮೆಯ ಬೆಲೆಯನ್ನು ಕುರಿತ ಈ ವಿಚಾರವನ್ನು ಸಮುದ್ರದಾಚೆಯ ಒಂದು ಆಟದ ಕಣದಲ್ಲಿಟ್ಟು ನೋಡಿದರೆ ಅದು ಇನ್ನಷ್ಟು ಸ್ಪಷ್ಟವಾಗುವುದು. ಆಟದ ಮಾತು ಮಠದ ಪತ್ರಿಕೆಗೇಕೆಂದು ಹಿರಿಯರು ಹುಬ್ಬೇರಿಸಬಹುದು. ಆಟವನ್ನೇ ಜೀವನೋಪಾಯವಾಗಿ ಮಾಡಿಕೊಂಡವನಿಗೆ ಆಟವೇ ಕಾಯಕವಲ್ಲವೇ?

ಅಮೆರಿಕಾ ದೇಶದಲ್ಲಿ ಬೇಸ್‌ಬಾಲ್ ಎಂಬ ಚೆಂಡು-ದಾಂಡಿನ ಆಟವು ನಮ್ಮಲ್ಲಿಯ ಕ್ರಿಕೆಟ್ಟಿನಷ್ಟೇ ಜನಪ್ರಿಯವಾದುದು. ಅಲ್ಲಿಯ ಮೇಲ್ಮಟ್ಟದ ತಂಡಗಳು ಮೂವತ್ತು. ಒಂದೊಂದು ತಂಡಕ್ಕೂ ಒಬ್ಬೊಬ್ಬ ಸಿರಿವಂತ ಒಡೆಯನು ಅಥವಾ ಒಡೆಯರ ಕೂಟವಿರುವುದು. ಆಟಗಾರನು ತಂಡದೊಡನೆ ಕರಾರು ಬರೆದುಕೊಡುವನು. ಇಷ್ಟರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವಿರುವುದು ಬೇರೆಡೆ. ಆ ಕರಾರುಗಳ ವಿವರವೆಲ್ಲ ಇಂದು ಯಾರು ಬೇಕಾದರೂ ನೋಡಬಹುದಾದ ಬಹಿರಂಗ ಪಟ್ಟಿಗಳಲ್ಲಿ ದೊರೆಯುವುದು. ಇಂಥ ಆಟಗಾರನಿಗೆ ಈ ವರ್ಷ ಎಷ್ಟು, ಬರುವ ವರ್ಷ ಎಷ್ಟು, ಸಹಿ ಹಾಕಿದಾಗ ಕೈಗೆ ಬಂದುದೆಷ್ಟು, ಕೊನೆಯ ವರ್ಷವನ್ನು ಮುಂದುವರಿಸುವ ಹಕ್ಕು ಆಟಗಾರನದೋ ಒಡೆಯನದೋ, ಅವನ ಒಪ್ಪಿಗೆಯಿಲ್ಲದೆ ಅವನನ್ನು ಬೇರೆ ಊರಿನ ತಂಡಕ್ಕೆ ಕಳುಹಿಸಬಹುದೋ ಕೂಡದೋ—ಇವೆಲ್ಲ ಸಾಲುಸಾಲಾಗಿ ಬರೆದಿರುವುವು. ಆಟದ ಅಭಿಮಾನಿಗಳು ಪಂಚಾಂಗ ನೋಡುವಷ್ಟು ಶ್ರದ್ಧೆಯಿಂದ ಅವುಗಳನ್ನು ನೋಡುವರು.

ಅಲ್ಲಿಯ ಮೊತ್ತಗಳನ್ನು ಕೇಳಿದರೆ ಕಿವಿ ನಂಬದು. 2000ದ ಡಿಸೆಂಬರಿನಲ್ಲಿ ಅಲೆಕ್ಸ್ ರಾಡ್ರಿಗಸ್ ಎಂಬವನು ಟೆಕ್ಸಾಸಿನ ತಂಡದೊಡನೆ ಹತ್ತು ವರ್ಷಕ್ಕೆ 25 ಕೋಟಿ 20 ಲಕ್ಷ ಡಾಲರುಗಳ ಕರಾರು ಮಾಡಿಕೊಂಡಾಗ ಆ ದೇಶವೇ ಬೆರಗಾಯಿತು. 2023ರ ಡಿಸೆಂಬರಿನಲ್ಲಿ ಜಪಾನಿನ ಶೋಹೇ ಒಹ್ತಾನಿಯು ಲಾಸ್ ಏಂಜಲಿಸ್ ತಂಡಕ್ಕೆ ಹತ್ತು ವರ್ಷಕ್ಕೆ 70 ಕೋಟಿ ಡಾಲರಿಗೆ ಒಪ್ಪಿದನು. ಮರುವರ್ಷವೇ ಹ್ವಾನ್ ಸೋಟೋ ಎಂಬವನು ನ್ಯೂಯಾರ್ಕಿನ ಮೆಟ್ಸ್ ತಂಡದಿಂದ ಹದಿನೈದು ವರ್ಷಕ್ಕೆ 76 ಕೋಟಿ 50 ಲಕ್ಷ ಡಾಲರು ಪಡೆಯುವ ಕರಾರಿಗೆ ಸಹಿ ಹಾಕಿದನು. ಒಹ್ತಾನಿಯ ಕರಾರಿನಲ್ಲಿ ಒಂದು ವಿಶೇಷವುಂಟು. ಆಡುವ ಹತ್ತು ವರ್ಷ ಅವನು ಪಡೆಯುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿಯನ್ನು 2034ರಿಂದ 2043ರ ವರೆಗೆ ಬಡ್ಡಿಯಿಲ್ಲದೆ ಕೊಡತಕ್ಕುದೆಂದು ಬರೆಯಲಾಗಿದೆ. ಇತರ ಆಟಗಾರರನ್ನು ಸೇರಿಸಿಕೊಳ್ಳಲು ತಂಡಕ್ಕೆ ಅನುಕೂಲವಾಗಲೆಂದು ಮಾಡಿದ ಏರ್ಪಾಡಿದು. ಇದಕ್ಕೂ ವಿಚಿತ್ರವಾದುದು ಬಾಬಿ ಬೊನೀಯ ಎಂಬವನ ಕಥೆ. 2000ದಲ್ಲಿ ಮೆಟ್ಸ್ ತಂಡವು ಅವನಿಗೆ ಕೊಡಬೇಕಾಗಿದ್ದುದು 59 ಲಕ್ಷ ಡಾಲರು. ಅದನ್ನು ಆಗಲೇ ತೀರಿಸಿ ಕೈತೊಳೆದುಕೊಳ್ಳದೆ, ಶೇಕಡಾ 8ರ ಬಡ್ಡಿ ಕಟ್ಟಿ 2011ರಿಂದ 2035ರ ವರೆಗೆ ಪ್ರತಿ ಜುಲೈ 1ರಂದು 11,93,248 ಡಾಲರು 20 ಸೆಂಟು ಕೊಡುವುದಾಗಿ ಒಡೆಯರು ಒಪ್ಪಿಕೊಂಡರು. ಆಟ ಬಿಟ್ಟು ಇಪ್ಪತ್ತು ವರ್ಷಗಳ ಮೇಲಾದವನಿಗೆ ವರ್ಷವರ್ಷವೂ ಸಂಬಳ! ಹಳ್ಳಿಯ ಸಾಹುಕಾರನಾದರೂ ತನ್ನ ಕೈಯಿಂದ ಇಂಥ ಪತ್ರ ಬರೆದುಕೊಡಲಾರನು. ಜುಲೈ 1 ಬಂದಿತೆಂದರೆ ಅಲ್ಲಿಯ ಜನ ಅದನ್ನೊಂದು ವಿನೋದದ ಹಬ್ಬವಾಗಿ ನೆನೆಯುವರು.

ಇಷ್ಟನ್ನು ಮಾತ್ರ ಓದಿದವನು ಇದೊಂದು ಧನಪಿಶಾಚಿಯ ಕುಣಿತವೆಂದು ಪುಟ ಮುಚ್ಚಿಬಿಡುವನು. ಹಾಗೆ ಮಾಡಿದರೆ ಅರ್ಧ ಸತ್ಯವನ್ನೇ ತಿಳಿದಂತಾಗುವುದು. ಈ ಲೆಕ್ಕವು ಬಯಲಿಗೆ ಬರುವುದಕ್ಕೆ ಮುಂಚೆ ಅಲ್ಲಿ ಏನಿತ್ತೆಂಬುದನ್ನು ನೋಡಬೇಕು.

1879ರಷ್ಟು ಹಿಂದೆ ತಂಡದ ಒಡೆಯರು ತಮ್ಮೊಳಗೆ ಒಂದು ಕಟ್ಟು ಮಾಡಿಕೊಂಡರು. ಆಯ್ದ ಆಟಗಾರರನ್ನು ತಮತಮಗೇ ಕಾದಿರಿಸಿಕೊಳ್ಳುವುದು. ಕರಾರು ಮುಗಿದರೂ ಅವನನ್ನು ಇನ್ನೊಬ್ಬರು ಕರೆಯಕೂಡದು. ಮೊದಲು ಕೆಲವರಿಗಿದ್ದ ಈ ಕಟ್ಟು ಕ್ರಮೇಣ ಎಲ್ಲರಿಗೂ ಹಬ್ಬಿತು. ಒಮ್ಮೆ ಸಹಿ ಹಾಕಿದವನು ಬದುಕಿರುವವರೆಗೂ ಆ ತಂಡದ ಸೊತ್ತಾದನು. ಕೊಟ್ಟುದನ್ನು ತೆಗೆದುಕೊಂಡು ಆಡಬೇಕು, ಇಲ್ಲವೇ ಆಟವನ್ನೇ ಬಿಡಬೇಕು. ಒಡೆಯನಿಗೆ ಬೇಡವಾದರೆ ಮಾತ್ರ ಅವನನ್ನು ಇನ್ನೊಬ್ಬನಿಗೆ ಮಾರಬಹುದು, ಇನ್ನೊಬ್ಬ ಆಟಗಾರನಿಗೆ ಬದಲಾಗಿ ಕೊಡಬಹುದು. ಅಲ್ಲಿಯ ಆಟದ ಇತಿಹಾಸದಲ್ಲೇ ಮೇಲೆಣೆಯಿಲ್ಲದವನೆಂದು ಹೆಸರಾದ ಬೇಬ್ ರೂತನನ್ನು 1919ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ತಂಡವು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ 1 ಲಕ್ಷ ಡಾಲರಿಗೆ ಮಾರಿತು. ಮಾರಿದ ಹಣವು ಹೋದುದು ಒಡೆಯನಿಗೆ. 1930ರಲ್ಲಿ ರೂತನ ಸಂಬಳವು 80,000 ಡಾಲರಾಗಿ ರಾಷ್ಟ್ರಾಧ್ಯಕ್ಷರ 75,000ವನ್ನು ಮೀರಿತೆಂದು ಜನ ಕೊಂಡಾಡಿದರು. ಆದರೆ ಒಬ್ಬ ರೂತನ ಹಿಂದೆ ನೂರಾರು ಮಂದಿ ಸಾಮಾನ್ಯ ಆಟಗಾರರು ಚಳಿಗಾಲದಲ್ಲಿ ಅಂಗಡಿಯಲ್ಲಿಯೋ ಹೊಲದಲ್ಲಿಯೋ ಬೇರೆ ಕೆಲಸ ಹುಡುಕಿಕೊಂಡು ಹೊಟ್ಟೆ ಹೊರೆಯಬೇಕಾಗಿತ್ತು. ಪಕ್ಕದಲ್ಲಿ ನಿಂತು ಆಡುವವನಿಗೆ ಎಷ್ಟು ಸಂಬಳವೆಂದು ಇವನಿಗೆ ತಿಳಿಯದು. ತಿಳಿಯಗೊಡುವುದು ಒಡೆಯರಿಗೆ ಬೇಕಿರಲಿಲ್ಲ. ಪ್ರತಿಯೊಬ್ಬನನ್ನೂ ಕೋಣೆಯೊಳಗೆ ಒಂಟಿಯಾಗಿ ಕೂರಿಸಿ, ಇನ್ನೊಬ್ಬನಿಗೆ ಇದಕ್ಕಿಂತ ಕಡಿಮೆ ಕೊಟ್ಟಿರುವೆವೆಂದು ನಂಬಿಸಿ, ಸಹಿ ತೆಗೆದುಕೊಳ್ಳುವುದು ವಾಡಿಕೆಯಾಗಿತ್ತು. ಕತ್ತಲೆಯಲ್ಲಿ ಮಾಡಿದ ಅಳತೆಯು ಅಳೆಯುವವನಿಗೇ ಲಾಭವಷ್ಟೆ.

ಈ ಕತ್ತಲೆಯನ್ನು ಮೊದಲು ಪ್ರಶ್ನಿಸಿ ಬೆಲೆ ತೆತ್ತವರಲ್ಲಿ ಕರ್ಟ್ ಫ್ಲಡ್ ಎಂಬ ಕಪ್ಪುಜನಾಂಗದ ಆಟಗಾರನ ಹೆಸರು ಸ್ಮರಣೀಯವಾದುದು. ಈತನು ಸೇಂಟ್ ಲೂಯಿಸ್ ನಗರದ ತಂಡದಲ್ಲಿ ಹನ್ನೆರಡು ವರ್ಷ ಆಡಿದ್ದನು. ವರ್ಷಕ್ಕೆ ಸುಮಾರು 90,000 ಡಾಲರು ಬರುತ್ತಿತ್ತು, ಬಡವನೇನಲ್ಲ. 1969ರ ಶರತ್ಕಾಲದಲ್ಲಿ ಅವನನ್ನು ಕೇಳದೆಯೇ ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟುಬಿಟ್ಟರು. ಡಿಸೆಂಬರ್ 24ರಂದು ಆತನು ಆಟದ ಮುಖ್ಯಾಧಿಕಾರಿಗೆ ಪತ್ರ ಬರೆದು, ತನ್ನ ಇಚ್ಛೆಗೆ ಬೆಲೆಯಿಲ್ಲದೆ ಕೊಂಡು ಮಾರಲು ತಾನೊಂದು ವಸ್ತುವಲ್ಲವೆಂದು ತಿಳಿಸಿದನು. ಸಂಬಳ ಹೆಚ್ಚಿಸಿರೆಂದು ಆತನು ಕೇಳಲಿಲ್ಲವೆಂಬುದನ್ನು ಗಮನಿಸಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತಿದನು. 1972ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವು ಐವರ ಮತಕ್ಕೆ ಮೂವರಂತೆ ಅವನ ವಿರುದ್ಧವಾಗಿ ತೀರ್ಪಿತ್ತಿತು. ಅಷ್ಟರಲ್ಲಿ 1970ರ ಆಟವೆಲ್ಲ ಅವನಿಗೆ ತಪ್ಪಿಹೋಗಿತ್ತು. 1971ರಲ್ಲಿ ವಾಷಿಂಗ್ಟನ್ನಿನ ತಂಡದಲ್ಲಿ ಹದಿಮೂರು ಪಂದ್ಯಗಳನ್ನಾಡಿ ಅವನು ಶಾಶ್ವತವಾಗಿ ಕಣ ಬಿಟ್ಟಿದ್ದನು. ಲಿಂಗಕ್ಕಲ್ಲದೆ ಅನ್ಯರಿಗೆ ತನ್ನನ್ನು ತಾನು ಮಾರಿಕೊಳ್ಳಬಾರದೆಂಬ ಶರಣರ ನಿಲುವನ್ನು ಬಲ್ಲ ಭಕ್ತರಿಗೆ ಈ ಮನುಷ್ಯನ ಹಟವು ಅಪರಿಚಿತವಾಗಿ ತೋರದು. ಕೂಲಿ ಕೊಟ್ಟವನು ಕೈಕೆಲಸವನ್ನು ಕೊಂಡನೇ ಹೊರತು ಕೆಲಸ ಮಾಡುವವನನ್ನು ಕೊಳ್ಳಲಿಲ್ಲ. ಕಲ್ಯಾಣದಲ್ಲಿ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರು ಗುರುವಾಗಲಿ ಜಂಗಮವಾಗಲಿ ಕಾಯಕಕ್ಕೆ ಹೊರತಲ್ಲವೆಂದು ಹೇಳುವಾಗ ಅವರ ದನಿಯಲ್ಲಿದ್ದುದು ಆಳಿನ ದೈನ್ಯವಲ್ಲ. ತನ್ನ ಕಾಯಕಕ್ಕೆ ತಾನೇ ಒಡೆಯನಾದವನ ಧೈರ್ಯ.

ಫ್ಲಡ್ ಸೋತನು, ಆದರೆ ಬಾಗಿಲು ಸಡಿಲವಾಯಿತು. 1966ರಲ್ಲಿ ಉಕ್ಕಿನ ಕೆಲಸಗಾರರ ಸಂಘದಿಂದ ಬಂದ ಮಾರ್ವಿನ್ ಮಿಲ್ಲರ್ ಎಂಬವನು ಆಟಗಾರರ ಸಂಘದ ಹೊಣೆ ಹೊತ್ತಿದ್ದನು. ಆಗ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರು. 1967ರಲ್ಲಿ ಸರಾಸರಿ 19,000. 1968ರ ಮೊದಲ ಸಾಮೂಹಿಕ ಒಪ್ಪಂದದಲ್ಲಿ ಕನಿಷ್ಠವು 10,000ಕ್ಕೇರಿತು. ಮಿಲ್ಲರನ ಸಂಘವು ಮಾಡಿದ ಕೆಲಸಗಳಲ್ಲಿ ಮೇಲ್ನೋಟಕ್ಕೆ ಅತಿ ಸಣ್ಣದಾಗಿಯೂ ಪರಿಣಾಮದಲ್ಲಿ ಅತಿ ದೊಡ್ಡದಾಗಿಯೂ ಇದ್ದುದು ಇದು: ಯಾರಿಗೆ ಎಷ್ಟು ಸಂಬಳವೆಂಬುದನ್ನು ಕಲೆಹಾಕಿ ಎಲ್ಲ ಆಟಗಾರರಿಗೂ ತಿಳಿಯಪಡಿಸುವುದು. 1973ರ ಒಪ್ಪಂದದಿಂದ ಸಂಬಳದ ವಿವಾದವನ್ನು ಮಧ್ಯಸ್ಥರ ಮುಂದಿಡುವ ಪದ್ಧತಿಯು ಬಂದಿತು. ಅದರ ನಿಯಮವು ಸೊಗಸಾಗಿದೆ. ಆಟಗಾರನು ಒಂದು ಅಂಕಿ ಹೇಳುವನು, ಒಡೆಯನು ಒಂದು ಅಂಕಿ ಹೇಳುವನು. ಮಧ್ಯಸ್ಥನು ಎರಡರಲ್ಲೊಂದನ್ನು ಆರಿಸಬೇಕೇ ಹೊರತು ನಡುವಿನದನ್ನು ಹೇಳುವಂತಿಲ್ಲ. ಅತಿಯಾಸೆಯಿಂದ ಹೆಚ್ಚು ಕೇಳಿದವನೂ ಜಿಪುಣತನದಿಂದ ಕಡಿಮೆ ಹೇಳಿದವನೂ ಸೋಲುವರು. ಆದುದರಿಂದ ಇಬ್ಬರೂ ನ್ಯಾಯದ ಹತ್ತಿರ ಹತ್ತಿರ ಬರಬೇಕಾಗುವುದು. ಇತರರ ಸಂಬಳವು ತಿಳಿದಿಲ್ಲದಿದ್ದರೆ ಈ ವ್ಯವಸ್ಥೆಯೇ ನಡೆಯದು. ಬಹಿರಂಗದ ಲೆಕ್ಕಕ್ಕೆ ಮೂಲವಿರುವುದು ಇಲ್ಲಿ. ಕುತೂಹಲವು ಆಮೇಲೆ ಬಂದು ಸೇರಿಕೊಂಡಿತು.

1975ರ ಡಿಸೆಂಬರ್ 23ರಂದು ಪೀಟರ್ ಸೈಟ್ಸ್ ಎಂಬ ಮಧ್ಯಸ್ಥನು, ಕರಾರು ಮುಗಿದು ಒಂದು ವರ್ಷ ಆಡಿದವನು ಸ್ವತಂತ್ರನೆಂದು ತೀರ್ಪು ಕೊಟ್ಟನು. ಒಡೆಯರು ಒಡನೆಯೇ ಅವನನ್ನು ಆ ಸ್ಥಾನದಿಂದ ತೆಗೆದುಹಾಕಿದರಾದರೂ ತೀರ್ಪು ಉಳಿಯಿತು. ದೂರಿತ್ತ ಇಬ್ಬರಲ್ಲಿ ಡೇವ್ ಮೆಕ್‌ನ್ಯಾಲಿ ಎಂಬವನು ಆ ವೇಳೆಗೆ ಆಟವನ್ನೇ ಬಿಟ್ಟು ಮನೆಗೆ ಹೋಗಿದ್ದನು. ತೀರ್ಪಿನಿಂದ ಅವನಿಗೆ ಬಿಡಿಗಾಸಿನ ಲಾಭವಿರಲಿಲ್ಲ. ದೂರನ್ನು ಹಿಂತೆಗೆಯಲೆಂದು ದೊಡ್ಡ ಮೊತ್ತದ ಆಸೆ ತೋರಿಸಿದರು, ಅವನು ಕದಲಲಿಲ್ಲ. ತನ್ನ ಹಿಂದೆ ಬರುವವರಿಗಾಗಿ ಹೆಸರನ್ನು ಕಾಗದದ ಮೇಲೆ ಉಳಿಸಿದನು. ಹೆಸರನ್ನು ಉಳಿಸುವುದು ಎಷ್ಟರ ತ್ಯಾಗವೆಂದು ಲಘುವಾಗಿ ಎಣಿಸಬಾರದು. ಊರಿನ ಕೆರೆಯ ದೂರಿನ ಕಾಗದಕ್ಕೆ ಸಹಿ ಹಾಕಿ, ಗೌಡರ ಮನೆಯ ಊಟವಾದ ಮೇಲೆ ಸಹಿ ಅಳಿಸಿ ಬಂದವರನ್ನು ಎಲ್ಲ ಹಳ್ಳಿಗಳೂ ಕಂಡಿವೆ.

ಬೆಳಕಿಗೆ ಬಂದ ಮೇಲೂ ಕತ್ತಲೆಯ ಆಸೆ ಹೋಗುವುದಿಲ್ಲ. 1985ರಿಂದ ಮೂರು ಚಳಿಗಾಲಗಳಲ್ಲಿ ಒಡೆಯರು ಒಳಗೊಳಗೇ ಮಾತಾಡಿಕೊಂಡು, ಒಬ್ಬರ ಆಟಗಾರನನ್ನು ಇನ್ನೊಬ್ಬರು ಕರೆಯದಂತೆ ನೋಡಿಕೊಂಡರು. ಮಧ್ಯಸ್ಥರು ಇದನ್ನು ಕಂಡುಹಿಡಿದರು. 1990ರಲ್ಲಿ ಒಡೆಯರು 28 ಕೋಟಿ ಡಾಲರುಗಳನ್ನು ಆಟಗಾರರಿಗೆ ತುಂಬಿಕೊಡಬೇಕಾಯಿತು. ಎಲ್ಲರ ಸಂಬಳವೂ ಒಮ್ಮೆಗೇ ಏರದೆ ನಿಂತುದು ಪಟ್ಟಿ ಹಿಡಿದು ನೋಡುವವರ ಕಣ್ಣಿಗೆ ಬಿದ್ದಿತ್ತು. 1992ರಲ್ಲಿ ಸರಾಸರಿ ಸಂಬಳವು 10 ಲಕ್ಷ ಡಾಲರನ್ನು ದಾಟಿತು. 2025ರಲ್ಲಿ ಕನಿಷ್ಠ ಸಂಬಳವೇ 7,60,000 ಡಾಲರು.

ಲೆಕ್ಕವು ಬಯಲಿನಲ್ಲಿರುವುದು ದುಡಿಯುವವನಿಗೆ ರಕ್ಷೆಯೆಂಬುದು ಇಷ್ಟರಿಂದ ತಿಳಿಯುವುದು. ಆದರೆ ಅದೇ ಪಟ್ಟಿಯನ್ನು ದುಡಿಯದೆ ನೋಡುತ್ತ ಕುಳಿತವನ ಗತಿಯೇನು? ಆಟಗಾರನು ಒಂದು ಚೆಂಡನ್ನು ಕೈಬಿಟ್ಟರೆ ಸಾಕು, ಪ್ರೇಕ್ಷಕನು ಅವನ ಹೆಸರನ್ನು ಕೂಗುವುದಿಲ್ಲ, ಅವನ ಸಂಬಳವನ್ನು ಕೂಗುವನು. ಇಷ್ಟು ಕೋಟಿ ತಿಂದು ಹೀಗೆ ಆಡಿದನೇ ಎನ್ನುವನು. ಮನುಷ್ಯನು ಮರೆಯಾಗಿ ಮೊತ್ತವೊಂದೇ ಕಣದಲ್ಲಿ ಓಡಾಡುವುದು. ಕನ್ನಡ ನಾಡಿನವರಿಗೂ ಇದು ಹೊಸದಲ್ಲ. 2008ರಿಂದ ಕ್ರಿಕೆಟ್ ಆಟಗಾರರನ್ನು ಹರಾಜಿನಲ್ಲಿ ಕೂಗುವುದನ್ನು ಎಲ್ಲರೂ ನೋಡುತ್ತಿರುವರು. 2018ರಲ್ಲಿಯೂ 2022ರಲ್ಲಿಯೂ ಆ ಹರಾಜು ಬೆಂಗಳೂರಿನಲ್ಲಿಯೇ ನಡೆಯಿತು. ಯಾವ ಆಟಗಾರನು ಎಷ್ಟು ಕೋಟಿಗೆ ಹೋದನೆಂಬುದನ್ನು ಹತ್ತು ವರ್ಷದ ಹುಡುಗರು ಮಗ್ಗಿಯಂತೆ ಒಪ್ಪಿಸುವರು. ಒಪ್ಪಿಸಲಿ, ಮಕ್ಕಳ ಬಾಯಲ್ಲಿ ಅದು ಆಟವೇ. ಹಿರಿಯರ ಬಾಯಲ್ಲಿ ಅದು ಆಟವಾಗಿ ಉಳಿಯುವುದಿಲ್ಲ.

ವಿಭೂತಿ ಧರಿಸಿ ಲಿಂಗಾರ್ಚನೆ ಮಾಡಿ ಜಗಲಿಗೆ ಬಂದು ಕುಳಿತ ಗೃಹಸ್ಥನು ಮೊದಲು ಆಡುವ ಮಾತೇನು? ಸೋದರಳಿಯನಿಗೆ ಬೆಂಗಳೂರಿನಲ್ಲಿ ಎಷ್ಟು ಬರುವುದಂತೆ, ಬೀಗರ ಮಗನಿಗೆ ಹೊರದೇಶದಲ್ಲಿ ಎಷ್ಟು ಬರುವುದಂತೆ. ಹೆಣ್ಣು ನೋಡಲು ಬಂದವರ ಮುಂದೆ ವರನ ಗುಣಕ್ಕೆ ಮೊದಲು ವರನ ಸಂಬಳದ ಅಂಕಿಯು ತಟ್ಟೆಯಲ್ಲಿ ಬರುವುದು, ತಾಂಬೂಲ ಆಮೇಲೆ. ಹೊಲ ಉಳುವ ಹಿರಿಯ ಮಗನು ಅದೇ ಮನೆಯ ಅನ್ನ ಬೆಳೆದರೂ ಅವನಿಗೆ ಹೇಳಿಕೊಳ್ಳಲು ಅಂಕಿಯಿಲ್ಲದುದರಿಂದ ಅವನು ಬಾಗಿಲ ಹಿಂದೆ ನಿಲ್ಲುವನು. ಅವನಿಗೆ ಹೆಣ್ಣು ಕೊಡಲು ಇಂದು ಲಿಂಗವಂತರ ಮನೆಗಳೇ ಹಿಂದೆಗೆಯುತ್ತಿರುವುದು ನಾಡಿಗೆಲ್ಲ ತಿಳಿದ ನೋವು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವರ್ಷಕ್ಕೊಮ್ಮೆ ಬಸವಜಯಂತಿಯ ದಿನ ಭಾಷಣ ಕೇಳಿ ಚಪ್ಪಾಳೆ ತಟ್ಟಿದ ಕೈಗಳೇ ಮರುದಿನ ಜಾತಕದ ಜೊತೆಗೆ ಸಂಬಳದ ಚೀಟಿಯನ್ನು ಕೇಳುವುವು. ಅಮೆರಿಕೆಯ ಅಭಿಮಾನಿಯು ಕಾಣದವನ ಸಂಬಳವನ್ನು ಎಣಿಸುವನು. ಇಲ್ಲಿಯವನು ಒಡಹುಟ್ಟಿದವನ ಸಂಬಳವನ್ನು ಎಣಿಸುವನು. ಮತ್ಸರವು ದೂರದವನನ್ನು ಮುಟ್ಟುವುದಕ್ಕಿಂತ ಹತ್ತಿರದವನನ್ನು ಸುಡುವುದೇ ಹೆಚ್ಚು.

ಪರರ ಲೆಕ್ಕದಲ್ಲಿ ಮುಳುಗಿದವನಿಗೆ ತನ್ನ ಲೆಕ್ಕ ತಪ್ಪುವುದೂ ಉಂಟು. ಮೇಲೆ ಹೇಳಿದ ಒಹ್ತಾನಿಯ ಸಂಬಳವು ಭೂಮಂಡಲಕ್ಕೆಲ್ಲ ತಿಳಿದ ವಿಷಯ. ಆದರೆ ಅವನ ಆಪ್ತನಾಗಿ, ದುಭಾಷಿಯಾಗಿ ನೆರಳಿನಂತಿದ್ದವನೊಬ್ಬನು ಅವನ ಬ್ಯಾಂಕಿನ ಖಾತೆಯಿಂದ ಸುಮಾರು 1 ಕೋಟಿ 70 ಲಕ್ಷ ಡಾಲರುಗಳನ್ನು ಕದ್ದು ಜೂಜಿಗೆ ಸುರಿದನೆಂಬುದು 2024ರಲ್ಲಿ ಹೊರಬಿದ್ದಿತು. ಕದ್ದವನು ತಪ್ಪೊಪ್ಪಿಕೊಂಡನು, 2025ರಲ್ಲಿ ಅವನಿಗೆ ಸೆರೆಮನೆಯ ಶಿಕ್ಷೆಯಾಯಿತು. ಬಂದುದೆಷ್ಟೆಂದು ಲೋಕವೆಲ್ಲ ಎಣಿಸುತ್ತಿದ್ದಾಗ, ಹೋದುದೆಷ್ಟೆಂದು ಒಡೆಯನೇ ಅರಿಯದೆ ಹೋದನು.

ಈಗ ಕಲ್ಯಾಣಕ್ಕೆ ಮರಳಬೇಕು. ಅಮರೇಶ್ವರದ ಕಡೆಯಿಂದ ಬಂದ ಮಾರಯ್ಯನವರೂ ಅವರ ಪುಣ್ಯಾಂಗನೆ ಲಕ್ಕಮ್ಮನವರೂ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಹಿಡಿದಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮ ತಾಯಿಯು ಮೊರವನ್ನು ನೋಡಿದರು, ಗಂಡನ ಮುಖವನ್ನು ನೋಡಿದರು. ನಿತ್ಯದ ಅಳತೆಗೆ ಮೀರಿದ ಈ ಅಕ್ಕಿ ಕಾಯಕದ್ದಲ್ಲ, ಮನಸ್ಸಿನ ಆಸೆಯದು. ಇದು ಈಶ್ವರನಿಗೆ ಒಪ್ಪಿತವಾಗದು. ತಂದಲ್ಲಿಗೇ ಸುರಿದು ಬರಬೇಕೆಂದು ಹೇಳಿದರು. ಹೇಳಿದವರು ಹೆಂಡತಿ, ಕೇಳಿದವರು ಗಂಡ. ಮಾರಯ್ಯನವರು ಮರುಮಾತಾಡದೆ ಉಡಿಯನ್ನು ಕಟ್ಟಿಕೊಂಡು ಹಿಂದಿರುಗಿದರು. ಮನೆಯಲ್ಲಿ ನಾಳೆಗೆ ಕಾಳಿರಲಿಲ್ಲ. ಆ ದಂಪತಿಗಳೇ ಮುಂದೆ ತಮ್ಮ ಮಿತವಾದ ಅಕ್ಕಿಯಿಂದ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಸಿದರೆಂದು ಶರಣಚರಿತ್ರೆ ಹೇಳುವುದು.

ಬೇಸ್‌ಬಾಲಿನ ಕರಾರುಗಳ ಪಟ್ಟಿಯಲ್ಲಿ ಒಂದೆಡೆ, ಲಕ್ಕಮ್ಮ ತಾಯಿಯನ್ನು ನೆನೆಯಿಸುವ ಸಾಲೊಂದಿದೆ. ಗಿಲ್ ಮೆಶ್ ಎಂಬವನು ಪಿಚರ್, ಎಂದರೆ ಚೆಂಡೆಸೆಯುವ ಆಟಗಾರ. 2006ರ ಡಿಸೆಂಬರಿನಲ್ಲಿ ಕ್ಯಾನ್ಸಸ್ ಸಿಟಿ ನಗರದ ತಂಡದೊಡನೆ ಐದು ವರ್ಷಕ್ಕೆ 5 ಕೋಟಿ 50 ಲಕ್ಷ ಡಾಲರುಗಳ ಕರಾರು ಮಾಡಿಕೊಂಡನು. ಕೆಲವು ವರ್ಷ ಚೆನ್ನಾಗಿ ಆಡಿದನು. ಅನಂತರ ಭುಜ ಕೆಟ್ಟಿತು. ಆ ಆಟದಲ್ಲಿ ಕರಾರಿನ ಹಣವು ಖಚಿತವಾದುದು. ಗಾಯಗೊಂಡು ಮಲಗಿದ್ದರೂ, ಒಂದು ಚೆಂಡನ್ನೂ ಎಸೆಯದಿದ್ದರೂ, ತಂಡದಲ್ಲಿ ಹೆಸರಿದ್ದರೆ ಸಾಕು, ಸಂಬಳ ಬರುವುದು. ಕೊನೆಯ ವರ್ಷಕ್ಕೆ ಅವನಿಗೆ ಬರಬೇಕಾಗಿದ್ದುದು ಸುಮಾರು 1 ಕೋಟಿ 20 ಲಕ್ಷ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಯಲ್ಲಿ ಕುಳಿತು ಪಡೆಯಬಹುದಾಗಿತ್ತು. ಕಾನೂನಿನಂತೆ ಅದು ಅವನದೇ, ಯಾರೂ ಬೆರಳು ತೋರಿಸುವಂತಿರಲಿಲ್ಲ. 2011ರ ಜನವರಿಯಲ್ಲಿ ಅವನು ಆಟದಿಂದ ನಿವೃತ್ತನಾದನು. ನಿವೃತ್ತನಾದವನಿಗೆ ಆ ಹಣವಿಲ್ಲ. ದುಡಿಯದುದನ್ನು ತೆಗೆದುಕೊಳ್ಳುವುದು ತನಗೆ ಸರಿಯೆನಿಸಲಿಲ್ಲವೆಂಬುದೇ ಅವನ ಕಾರಣವಾಗಿತ್ತು. ಹಲವರು ಅವನನ್ನು ಹುಚ್ಚನೆಂದರು. ಕಲ್ಯಾಣದ ಬೀದಿಯಲ್ಲಿ ಅಕ್ಕಿಯನ್ನು ಹಿಂದಕ್ಕೆ ಹೊತ್ತು ನಡೆದ ಮಾರಯ್ಯನವರನ್ನು ಕಂಡು ಹಾಗೆನ್ನುವವರು ಇರಲಿಲ್ಲವೆಂದು ಹೇಳಲಾಗದು.

ಹೋಲಿಕೆಯನ್ನು ಎಲ್ಲಿಯವರೆಗೆ ಒಯ್ಯಬೇಕೋ ಅಲ್ಲಿಯವರೆಗೆ ಮಾತ್ರ ಒಯ್ಯಬೇಕು. ಮೆಶ್ ಬಿಟ್ಟುಕೊಟ್ಟುದು ದೊಡ್ಡ ಮೊತ್ತವೇ, ಆದರೆ ಅದಕ್ಕೆ ಮುಂಚೆ ಅವನಿಗೆ 4 ಕೋಟಿಗೆ ಮಿಕ್ಕಿ ಸಂದಿತ್ತು. ಲಕ್ಕಮ್ಮ ತಾಯಿಗೆ ಸಂದಿದ್ದುದು ಒಂದು ಹೊತ್ತಿನ ಗಂಜಿ. ಇನ್ನೂ ಒಂದು ಅಂತರವಿದೆ. ಇದು ಹೆಚ್ಚು ಮುಖ್ಯ. ಮಾರಯ್ಯನವರು ಹಿಂದಿರುಗಿಸಿದ ಅಕ್ಕಿಯು ಸೇರಿದುದು ಮಹಾಮನೆಯನ್ನು. ಅಲ್ಲಿ ಅದು ಹಸಿದು ಬಂದ ಜಂಗಮರಿಗೆ ಅನ್ನವಾಯಿತು. ಮೆಶ್ ಬಿಟ್ಟ ಹಣವು ಉಳಿದುದು ಸಿರಿವಂತ ಒಡೆಯನ ಪೆಟ್ಟಿಗೆಯಲ್ಲಿ. ಅವನ ಮನಸ್ಸಿನ ನಿರ್ಮಲತೆಗೆ ಇದರಿಂದ ಕುಂದಿಲ್ಲವಾದರೂ ತ್ಯಾಗವು ದಾಸೋಹವಾಗಲು ಬಿಟ್ಟರೆ ಸಾಲದು, ಬಿಟ್ಟುದು ಎಲ್ಲಿ ಮುಟ್ಟಿತೆಂಬುದೂ ಬೇಕು.

ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯ. ಲಕ್ಕಮ್ಮನವರ ಮಾತನ್ನು ಆಡುವ ಅಧಿಕಾರವು ಲಕ್ಕಮ್ಮನವರಂಥವರಿಗೆ ಮಾತ್ರ ಇರುವುದು. ಕೂಲಿ ಕೊಡುವ ಒಡೆಯನು ಅದನ್ನು ಎತ್ತಿಕೊಂಡು ಆಳಿನ ಮುಂದೆ, ಆಸೆ ಬೇಡ, ಶರಣರು ಹೀಗೆ ಹೇಳಿದ್ದಾರೆ ಎಂದರೆ ಅದು ವಚನದ್ರೋಹ. ಅದೇ ಬೇಸ್‌ಬಾಲಿನಲ್ಲಿ ಮೇಲ್ಮಟ್ಟದ ತಂಡಗಳ ಕೆಳಗೆ ತರಬೇತಿಯ ತಂಡಗಳಿವೆ. ಸಾವಿರಾರು ತರುಣರು ಅಲ್ಲಿ ಆಡುವರು. ಕೋಟಿಗಳ ಪಟ್ಟಿಯಲ್ಲಿ ಇವರ ಹೆಸರಿರುವುದಿಲ್ಲ. 2022ರ ವರೆಗೆ ಇವರಲ್ಲಿ ತೀರ ಕೆಳಮಟ್ಟದವರಿಗೆ ವರ್ಷಕ್ಕೆ 4,800 ಡಾಲರು, ಮೇಲಿನ ಹಂತದವರಿಗೆ 17,500 ದೊರೆಯುತ್ತಿತ್ತು. ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗಿ, ಸಿಕ್ಕಿದುದನ್ನು ತಿಂದು, ಮುಂದೊಂದು ದಿನ ಭಾಗ್ಯ ತೆರೆಯುವುದೆಂಬ ಆಸೆಯಲ್ಲಿ ಅವರು ದಿನ ಕಳೆಯುತ್ತಿದ್ದರು. ಆಟದ ಮೇಲಿನ ಪ್ರೀತಿಯೇ ಅವರ ಸಂಬಳವೆಂದು ನುಡಿದವರೂ ಇದ್ದರು. ನುಡಿದವರ ಸಂಬಳವು ಬೇರೆಯಾಗಿಯೇ ಇತ್ತು. ವ್ಯಾಜ್ಯ ಹೂಡಿದ ತರುಣರಿಗೆ 18 ಕೋಟಿ 50 ಲಕ್ಷ ಡಾಲರು ಕೊಡುವ ರಾಜಿಯು 2022ರಲ್ಲಿ ಆಯಿತು. ಅದೇ ವರ್ಷ ಅವರು ಆಟಗಾರರ ಸಂಘದೊಳಗೆ ಸೇರಿದರು. 2023ರ ವಸಂತದ ಒಪ್ಪಂದದಿಂದ 4,800 ಇದ್ದುದು 19,800 ಆಯಿತು, 17,500 ಇದ್ದುದು 35,800 ಆಯಿತು. ಇದು ಹೆಚ್ಚಿನ ಅಕ್ಕಿಯಲ್ಲ. ಕಾಯಕಕ್ಕೆ ಸಲ್ಲಬೇಕಾದ ಅಕ್ಕಿಯು ತಡವಾಗಿ ಸಂದುದಷ್ಟೆ. ಹೊಲದಾಳಿನ ಕೂಲಿಯನ್ನು ಸಂಕ್ರಾಂತಿಯಿಂದ ಯುಗಾದಿಗೆ, ಯುಗಾದಿಯಿಂದ ಶ್ರಾವಣಕ್ಕೆ ಮುಂದೂಡುತ್ತ, ಶ್ರಾವಣದಲ್ಲಿ ಮಠಕ್ಕೆ ಮೂಟೆ ಕಳುಹಿಸುವ ಭಕ್ತನು ಆ ಮೂಟೆಯಲ್ಲಿ ಯಾರ ಅಕ್ಕಿಯಿದೆಯೆಂದು ಒಮ್ಮೆ ಬಿಚ್ಚಿ ನೋಡಬೇಕು. ಲಕ್ಕಮ್ಮ ತಾಯಿಯಾದರೆ ಅದನ್ನು ಬಾಗಿಲಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದರು.

ಬಿಟ್ಟುದು ಎಲ್ಲಿ ಮುಟ್ಟಿತೆಂಬ ಮಾತು ಮೇಲೆ ಬಂದಿತು. ಆ ಮಾತನ್ನು ಪ್ರಾಣದಿಂದ ನಡೆಸಿದವನೊಬ್ಬನು ಅದೇ ಆಟದಲ್ಲಿದ್ದನು. ರಾಬರ್ಟೋ ಕ್ಲೆಮೆಂಟೆಯು ಪೋರ್ಟೊ ರೀಕೋ ದ್ವೀಪದಲ್ಲಿ 1934ರಲ್ಲಿ ಹುಟ್ಟಿದವನು. ಕಪ್ಪು ಮೈಬಣ್ಣದವನೂ ಬೇರೆ ಭಾಷೆಯವನೂ ಆಗಿ ಎರಡು ಬಗೆಯ ತಾತ್ಸಾರವನ್ನು ಉಂಡನು. 1955ರಿಂದ ಹದಿನೆಂಟು ವರ್ಷ ಪಿಟ್ಸ್‌ಬರ್ಗಿನ ಒಂದೇ ತಂಡದಲ್ಲಿ ಆಡಿದನು. ಆಟಗಾರರ ಸಂಘದಲ್ಲಿ ತನ್ನ ತಂಡದ ಪರವಾಗಿ ನಿಂತವನಾದುದರಿಂದ ಸಂಬಳದ ನ್ಯಾಯವನ್ನು ಕೇಳುವುದಕ್ಕೆ ಅವನು ನಾಚಿದವನಲ್ಲ. ಫ್ಲಡ್ಡನ ವ್ಯಾಜ್ಯಕ್ಕೆ ಆಟಗಾರರ ಬೆಂಬಲವಿರಬೇಕೆಂದು ಮಾತಾಡಿದವರಲ್ಲಿ ಅವನೂ ಒಬ್ಬನು. 1972ರ ಸೆಪ್ಟೆಂಬರ್ 30ರಂದು ತನ್ನ ಮೂರು ಸಾವಿರದ ಹೊಡೆತವನ್ನು ಹೊಡೆದನು. ಆ ಎಣಿಕೆಯನ್ನು ಮುಟ್ಟಿದವರು ಆ ಆಟದಲ್ಲಿ ಬೆರಳೆಣಿಕೆಯವರು.

ಅದೇ ಡಿಸೆಂಬರ್ 23ರಂದು ನಿಕರಾಗ್ವಾ ದೇಶದ ಮನಾಗ್ವಾ ನಗರವು ಭೂಕಂಪದಿಂದ ಕುಸಿಯಿತು. ಕ್ಲೆಮೆಂಟೆಯು ತನ್ನ ದ್ವೀಪದಲ್ಲಿ ಮನೆಮನೆಯಿಂದ ಬಟ್ಟೆ, ಆಹಾರ, ಔಷಧಗಳನ್ನು ಕೂಡಿಸಿ ವಿಮಾನಗಳಲ್ಲಿ ಕಳುಹಿಸಿದನು. ಕಳುಹಿಸಿದುದು ಸಂತ್ರಸ್ತರಿಗೆ ಮುಟ್ಟದೆ ಅಧಿಕಾರದವರ ಕೈಯಲ್ಲಿ ಸೋರಿಹೋಗುತ್ತಿದೆಯೆಂದು ಸುದ್ದಿ ಬಂದಿತು. ಕೊಟ್ಟಾಯಿತು, ಪುಣ್ಯ ಬಂದಿತು ಎಂದು ಅವನು ಕೂರಲಿಲ್ಲ. ಲೆಕ್ಕ ಕೇಳಲು ತಾನೇ ಹೊರಟನು. ಡಿಸೆಂಬರ್ 31ರ ರಾತ್ರಿ, ಅಲ್ಲಿಯವರೆಲ್ಲ ಹೊಸ ವರ್ಷದ ಊಟಕ್ಕೆ ಕೂರುವ ಹೊತ್ತಿನಲ್ಲಿ, ಹೊರೆ ಮೀರಿ ತುಂಬಿದ್ದ ಹಳೆಯ ವಿಮಾನವೊಂದು ಸ್ಯಾನ್ ಹ್ವಾನ್ ನಗರದಿಂದ ಮೇಲೆದ್ದಿತು. ತೀರ ದಾಟಿದ ಸ್ವಲ್ಪ ಹೊತ್ತಿನಲ್ಲೇ ಸಮುದ್ರಕ್ಕೆ ಬಿದ್ದಿತು. ಕ್ಲೆಮೆಂಟೆಯ ದೇಹವು ದೊರೆಯಲೇ ಇಲ್ಲ. ಆಟ ಬಿಟ್ಟು ಐದು ವರ್ಷ ಕಾಯದೆ ಯಾರನ್ನೂ ಗೌರವಭವನಕ್ಕೆ ಸೇರಿಸಬಾರದೆಂಬ ನಿಯಮವನ್ನು ಅವನಿಗಾಗಿ ಸಡಿಲಿಸಿ 1973ರಲ್ಲಿಯೇ ಅವನ ಹೆಸರನ್ನು ಸೇರಿಸಿಕೊಂಡರು. ವರ್ಷವರ್ಷವೂ ಲೋಕಸೇವೆಯಲ್ಲಿ ಮುಂದಾದ ಆಟಗಾರನಿಗೆ ಅವನ ಹೆಸರಿನಲ್ಲಿ ಬಿರುದು ಕೊಡುವರು. ಸಂಬಳದ ಹಳೆಯ ಪಟ್ಟಿಗಳಲ್ಲಿ ಅವನ ಸಾಲು 1972ಕ್ಕೆ ನಿಂತಿದೆ. ಹೊಡೆತಗಳ ಎಣಿಕೆಯೂ ಸರಿಯಾಗಿ ಮೂರು ಸಾವಿರಕ್ಕೆ ನಿಂತಿದೆ.